ಗೋಗಿಯಲ್ಲ, ಗೂಗಿ

ಸಂಜೆ ನಾಲ್ಕಕ್ಕೆ ಗೋಗಿ ನೋಡಲು ಬನ್ನಿ ಎಂದು ಬುದ್ಧಪ್ರಿಯ ಮೆಸೇಜ್ ಹಾಕಿದ್ದ. ಗೋಗಿ ಅವನ ಊರು, ಅವನ ತಾಯಿ ಇರುವ ಊರು. ನಾನು ಪೆದ್ದಿ, ಮಾವಿನ ಚಿಗುರಿನ ಬಣ್ಣದ ರೇಷ್ಮೆ ಸೀರೆ ಉಟ್ಟು, ಅರ್ಧ ಕೆ.ಜಿ. ಪೇಡೆ ಕಟ್ಟಿಸಿಕೊಂಡು, ಶಹಾಪುರದಿಂದ ಬಸ್ಸಿನಲ್ಲಿ ಹೋಗಿ ಇಳಿದೆ.

ಅವನ ಫೋನ್ ಬಂತು. "ಎಲ್ಲಿ ಅದೀರಿ ಟೀಚರ್? ನಾ ವನದುರ್ಗದ ಕೋಟಿ ಹತ್ರ ಕಾಯಾಕತ್ತೀನಿ."

"ಗೋಗಿಯೊಳಗ ಅದೀನ್ರಿ. ನೀವೇ ಬರ್ರಿ ಅಂದಿರಲ್ಲ!"

"ಅಯ್ಯ, ಗೋಗಿ ಅಲ್ರಿ... ಗೂಗಿ!"

ನಮ್ಮ ಕಡೆ ಗೂಬೆಗೆ ಗೂಗಿ ಎನ್ನುತ್ತಾರೆ. ಜಾಗದ ಹೆಸರು ಹಾಕುವುದನ್ನೂ ಮರೆತು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಒತ್ತುವವರನ್ನು ನಂಬಿದರೆ ಹೀಗೇ ಆಗುತ್ತದೆ. ನನಗೆ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಯಿತು.

ಬೈಕಿನಲ್ಲಿ ಕರೆದೊಯ್ಯಲು ಬಂದ ಬುದ್ಧಪ್ರಿಯ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಗುವನ್ನು ಮೀಸೆಯೊಳಗೇ ಅಡಗಿಸಿಕೊಂಡ.

"ರೇಷ್ಮಿ ಸೀರಿ ಉಟ್ಕೊಂಡು ಗೂಗಿ ನೋಡಾಕ ಯಾರ್ ಬರ್ತಾರ್ರಿ?"

"ಯಾಕ, ಗೂಗಿ ಕಣ್ಣಿಗೆ ನಾನೂ ಚಂದ ಕಾಣಬಾರದೇನ್ರಿ?"

"ಕಾಣ್ತೀರಿ," ಎಂದವನೇ ತಿರುಗಿ ಗಾಡಿ ಶುರು ಮಾಡಿದ. ಹಿಂದೆ ಕುಳಿತವಳಿಗೆ ಅವನ ಕಿವಿ ಕೆಂಪಾದದ್ದು ಕಾಣುತ್ತಿತ್ತು.

ಮರುದಿನ ಕಲಬುರಗಿಯಲ್ಲಿ ನನ್ನ ವರ್ಗಾವಣೆಯ ಕೌನ್ಸೆಲಿಂಗ್ ಇತ್ತು, ಅದು ಅವನಿಗೂ ಗೊತ್ತಿತ್ತು. ಆರು ವರ್ಷ ಕಾದ ಮೇಲೆ ಹುಟ್ಟೂರು ಬೀದರಿನಲ್ಲಿ ಜಾಗ ಖಾಲಿಯಾಗಿತ್ತು. ಹೋದರೆ ಹೋದಂತೆಯೇ. ಇರಿ ಎಂದು ಅವನು ಒಂದು ಮಾತು ಅಂದರೆ ಸಾಕು, ಉಳಿದುಬಿಡುತ್ತಿದ್ದೆ. ಆದರೆ ಎಂಥ ಗಾಳಿಮಳೆಯಲ್ಲೂ ಕರೆಂಟಿನ ಕಂಬ ಹತ್ತುವ ಈ ಲೈನ್‌ಮನ್‌ಗೆ ಆ ಒಂದು ಮಾತಿಗೆ ಮಾತ್ರ ಧೈರ್ಯ ಸಾಲುತ್ತಿರಲಿಲ್ಲ.

ವನದುರ್ಗದ ಕೋಟೆಯ ಬಂಡೆಗಳನ್ನು ಅವನು ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಏರುತ್ತಿದ್ದ. ಹೆಜ್ಜೆಯ ಸದ್ದೇ ಇಲ್ಲ. ಒಂದು ಕಡೆ ಕುಕ್ಕರಗಾಲಲ್ಲಿ ಕುಳಿತು, ಗೂಬೆ ಅರಗದೆ ಉಗುಳಿದ ರೋಮದ ಉಂಡೆಯನ್ನು ಕಡ್ಡಿಯಿಂದ ಬಿಡಿಸಿ, ಒಳಗಿದ್ದ ಇಲಿಯ ದವಡೆ ತೋರಿಸಿದ.

"ಮಂದಿ ಹೂ ತೋರಿಸ್ತಾರ. ನೀವು ಇಲಿ ಎಲುಬು ತೋರಿಸ್ತೀರಿ."

"ಇನ್ನೂ ಹಸಿ ಅದ ನೋಡ್ರಿ. ಇಲ್ಲೇ ಎಲ್ಲೋ ಕುಂತದ!"

ಆ ಮುಖದ ಸಂಭ್ರಮ ನೋಡಬೇಕಿತ್ತು. ಬೆರಳಷ್ಟು ಉದ್ದದ ಉಂಡೆಯಲ್ಲಿ ಒಂದು ಹಕ್ಕಿಯ ಇಡೀ ದಿನಚರಿ ಓದುವ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೂರು ವರ್ಷದ ಹಿಂದೆ ಲೈನ್ ರಿಪೇರಿಗೆ ಬಂದಾಗ ಇಲ್ಲಿ ಕೊಂಬಿನ ಗೂಬೆಯ ಕೂಗು ಕೇಳಿದ್ದನಂತೆ. ಅಂದಿನಿಂದ ಹುಡುಕುತ್ತಿದ್ದ. ಫೋಟೋಕ್ಕೆಂದೇ ಹಳೆಯ ಕ್ಯಾಮೆರಾ ಕೊಂಡಿದ್ದ. ಒಮ್ಮೆಯೂ ಅದು ಕಣ್ಣಿಗೆ ಬಿದ್ದಿರಲಿಲ್ಲ. ಬಂಡೆಗಳ ನಡುವೆ ಅವನದು ಒಂದೇ ಕಟ್ಟಪ್ಪಣೆ, ಯಾರೂ ಪಿಟ್ಟೆನ್ನಬಾರದು.

"ಬಳಿ ಮ್ಯಾಲ ಸರಿಸ್ಕೋರಿ," ಎಂದು ಪಿಸುಗುಟ್ಟಿದ. "ಸಪ್ಪಳ ಆಗ್ತದ."

ಬಳೆ ಸರಿಸಿಕೊಂಡೆ. ಪಕ್ಕಪಕ್ಕದಲ್ಲೇ ಕುಳಿತೆವು. ಹೊತ್ತು ಮುಳುಗುತ್ತಿತ್ತು.

ಆಗ ಎದುರಿನ ಬಿರುಕಿನಲ್ಲಿ ಕಲ್ಲೊಂದು ಕಣ್ಣು ತೆರೆಯಿತು. ಕೆಂಡದ ಬಣ್ಣದ ಎರಡು ಕಣ್ಣು, ಮೇಲೆ ಎರಡು ಕೊಂಬು. ಅವನು ಕ್ಯಾಮೆರಾ ಎತ್ತಿದ. ನಾನು ಗೂಬೆಯನ್ನು ಬಿಟ್ಟು ಅವನನ್ನೇ ನೋಡುತ್ತಿದ್ದೆ. ಬೀದರಿಗೆ ಹೋದರೆ ಈ ಮುಖವನ್ನು ಮತ್ತೆ ನೋಡಲಾರೆ ಅನಿಸಿ ಕಣ್ಣು ತುಂಬಿತು.

ಅವನು ನನ್ನತ್ತ ತಿರುಗಿದ. ಕ್ಯಾಮೆರಾ ಇಳಿಸಿದ.

"ನಾಳಿ ಹೋಗಬ್ಯಾಡ್ರಿ," ಎಂದ. ಪಿಸುಮಾತಿನಲ್ಲಿ ಅಲ್ಲ, ಬಾಯಿ ತುಂಬ.

ಗೂಬೆ ರೆಕ್ಕೆ ಬಿಚ್ಚಿ, ಒಂಚೂರೂ ಸದ್ದು ಮಾಡದೆ ಕೋಟೆ ಗೋಡೆಯ ಆಚೆಗೆ ಹಾರಿಹೋಯಿತು.

"ಹಾರೇ ಹೋಯ್ತಲ್ರಿ! ಮೂರು ವರ್ಷ ಕಾದಿದ್ರಿ..."

"ಅದು ಇಲ್ಲೇ ಇರ್ತದ, ಮತ್ತ ಹುಡುಕ್ತೀನಿ. ನೀವು ಹೋದ್ರ ಎಲ್ಲಿ ಹುಡುಕ್ಲಿ? ನಿಮ್ಮ ಮ್ಯಾಲ ಜೀವಾ ಇಟ್ಟೀನ್ರಿ ಟೀಚರ್. ಇಷ್ಟು ದಿನ ಹೇಳಾಕ ಬಾಯಿ ಬರಲಿಲ್ಲ."

ನನಗೆ ಅಳುವೂ ಬಂತು, ನಗುವೂ ಬಂತು.

"ಇನ್ನೊಮ್ಮೆ ಹೇಳ್ರಿ," ಎಂದೆ. "ಈಗ ಯಾವ ಗೂಗಿನೂ ಇಲ್ಲ. ಜೋರಾಗೇ ಹೇಳ್ರಿ."

ಅವನು ಎದ್ದು ನಿಂತ. "ಹೋಗಬ್ಯಾಡ್ರಿ ಸುಮಂಗಲಾ!"

ಮೊದಲ ಸಲ ನನ್ನ ಹೆಸರು ಹಿಡಿದು ಕರೆದಿದ್ದ. ಬಂಡೆಗಳೂ ಕರೆದವು. ಕೆಳಗಿನ ಹೊಲದಲ್ಲಿ ಎತ್ತು ಬಿಚ್ಚುತ್ತಿದ್ದವರು ತಲೆ ಎತ್ತಿ ನೋಡಿದರು.

"ಹೋಗಂಗಿಲ್ಲ!" ಎಂದೆ, ಅವರಿಗೂ ಕೇಳುವಷ್ಟು ಜೋರಾಗಿ.