ತಾರೀಖಿಲ್ಲದ ಇನ್ನೂರ ಹನ್ನೆರಡು ಜನ

ಹೊಸ ಸರ್ವರ್ ಹಾಕಲು ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಈ ಕಣ್ಣಾಸ್ಪತ್ರೆಯ ಡೇಟಾಬೇಸ್ ನೋಡಿಕೊಳ್ಳುವವಳು ಇವಳೇ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಕಡ್ಡೀ..."

"ಮೇಡಂ ಅನ್ನಿ," ಎಂದಳು, ಸ್ಕ್ರೀನಿನಿಂದ ಕಣ್ಣು ತೆಗೆಯದೆ. "ಶೂ ಹೊರಗೆ ಬಿಡಿ. ಧೂಳು."

ಕಡ್ಡಿ ಮುರಿದಂತೆ ಮಾತಾಡುತ್ತಾಳೆಂದು ಆ ಹೆಸರಿಟ್ಟವನು ಅವನೇ. ಐದು ವರ್ಷದ ಹಿಂದೆ ಇಬ್ಬರದೂ ಒಂದೇ ಆಫೀಸು, ಒಂದೇ ಟೇಬಲ್ಲು. ಮದುವೆಯ ಮಾತು ಮನೆಯವರೆಗೂ ಬಂದಿತ್ತು. ಅವಳು ತನ್ನ ಪಾಸ್‌ವರ್ಡನ್ನೂ ಅವನಿಗೆ ಕೊಟ್ಟಿದ್ದಳು. ಪ್ರೀತಿಸುವವರು ಪತ್ರ ಕೊಡುವ ಹಾಗೆ. ಒಂದು ಮಧ್ಯಾಹ್ನ ಅವನು ಆ ಪಾಸ್‌ವರ್ಡಿನಲ್ಲೇ ಒಳಹೊಕ್ಕು, ಪರೀಕ್ಷೆಯ ಮೆಷಿನ್ ಎಂದುಕೊಂಡು, ಗಿರಾಕಿಗಳ ಇಡೀ ದಾಖಲೆ ಅಳಿಸಿಬಿಟ್ಟ. ಮೀಟಿಂಗಿನಲ್ಲಿ ಹನ್ನೆರಡು ಜನರ ಮುಂದೆ ಕೇಳಿದಾಗ, "ಲಾಗಿನ್ ಅವರದು," ಎಂದ. ಅವಳ ಕಡೆ ನೋಡಲಿಲ್ಲ. ಟೇಬಲ್ ನೋಡುತ್ತಿದ್ದ.

ಅವಳ ಕೆಲಸ ಹೋಯಿತು. ಈ ಕೆಲಸ ಕೊಡಿಸಿದ್ದು ಇಲ್ಲಿ ನರ್ಸ್ ಆಗಿರುವ ಅತ್ತಿಗೆ.

ಶುಕ್ರವಾರದ ಪ್ರಾಯೋಗಿಕ ವರ್ಗಾವಣೆಯಲ್ಲೇ ಅವಳಿಗೆ ಹುಳುಕು ಕಂಡಿತು. ದಾನಿಗಳ ಕಣ್ಣಿನ ಕಾರ್ನಿಯಾಕ್ಕಾಗಿ ಕಾಯುವವರಿಗೆ ಆಪರೇಷನ್ ತಾರೀಖು ಇರುವುದಿಲ್ಲ. ಆ ಜಾಗದಲ್ಲಿ ಎಂಟು ಸೊನ್ನೆ ಹಾಕುವುದು ಈ ಆಸ್ಪತ್ರೆಯ ಹಳೆಯ ರೂಢಿ. ಡೇಟಾಬೇಸಿನ ಹಳೆಯ ವರ್ಷನ್ ಅದನ್ನು ಸುಮ್ಮನೆ ನುಂಗಿಕೊಂಡಿತ್ತು. ಹೊಸದು ಅಂಥ ತಾರೀಖನ್ನು ಒಪ್ಪದು, ಹಾಗಾಗಿ ಅವನ ಪ್ರೋಗ್ರಾಂ ಜಾಗ ಖಾಲಿ ಬಿಡುತ್ತಿತ್ತು. ಸೊನ್ನೆ ಇರುವವರನ್ನೇ ಹುಡುಕಿ ತೋರಿಸುವ ಕಾಯುವವರ ಪಟ್ಟಿಗೆ ಆಮೇಲೆ ಒಬ್ಬರೂ ಸಿಗುವುದಿಲ್ಲ. ಇನ್ನೂರ ಹನ್ನೆರಡು ಜನ ಮಾಯ.

ಸರಿಪಡಿಸಲು ನಾಲ್ಕು ಸಾಲು ಸಾಕು. ಬರೆದಿಟ್ಟುಕೊಂಡಳು, ಬಾಯಿಗೆ ಬೀಗ ಹಾಕಿಕೊಂಡಳು. ಸೋಮವಾರ ಹಿರಿಯ ಡಾಕ್ಟರ ಮುಂದೆ ಅವನು ತಲೆತಗ್ಗಿಸಿ ನಿಲ್ಲಲಿ. ಆ ಮುಖವನ್ನು ಕಣ್ತುಂಬ ನೋಡಬೇಕು. ಆಮೇಲೆ ಸರಿಮಾಡಿದರಾಯಿತು.

ಭಾನುವಾರ ಇಡೀ ಹಗಲು ದಾಖಲೆಗಳು ಹಳೆಯ ಸರ್ವರಿನಿಂದ ಹೊಸದಕ್ಕೆ ಹರಿದವು. ಎರಡು ಕುರ್ಚಿ, ನಡುವೆ ಒಂದು ಫ್ಯಾನು. ಅವನು ಸ್ಕ್ರೀನು ನೋಡುವಾಗ ಅವಳು ಅವನ ಕಿವಿ ನೋಡಿದಳು. ಆತಂಕವಾದರೆ ಈಗಲೂ ಕೆಂಪಾಗುತ್ತಿತ್ತು.

"ಸಾಲುಗಳೆಲ್ಲ ತಾಳೆಯಾಗಿವೆ ಮೇಡಂ. ಇನ್ನೇನಾದ್ರೂ ಪರೀಕ್ಷೆ ಮಾಡಬೇಕಾ?"

"ಸಾಕು." ಪರೀಕ್ಷೆಯ ಹಾಳೆಗೆ ಸಹಿ ಹಾಕಿದಳು.

"ಸಹಿಗೆ ಮುಂಚೆ ಹತ್ತು ತಕರಾರು ತೆಗೆಯೋಳೊಬ್ಬಳು ನಂಗೆ ಗೊತ್ತಿದ್ಳು."

"ಅವಳ ಕೆಲಸ ಹೋಯ್ತು."

ಅವನ ಕಿವಿ ಕೆಂಪಾಯಿತು. ಅವಳ ಹೊಟ್ಟೆ ತಣ್ಣಗಾಯಿತು, ಸ್ವಲ್ಪವೇ.

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ, ಮೊದಲು ಸಿಕ್ಕಿಬಿದ್ದವನು ಅವನಲ್ಲ. ಕೌಂಟರಿನ ಮುಂದೆ, ಗೋಡೆ ಹಿಡಿದು ಬಂದ ಒಬ್ಬ ಮುದುಕ.

"ಅಜ್ಜಾ, ನಿಮ್ಮ ಹೆಸರೇ ಇಲ್ವಲ್ಲ," ಎಂದಳು ಅತ್ತಿಗೆ.

"ಸರಿಯಾಗಿ ನೋಡಮ್ಮ. ಹದಿನಾಲ್ಕು ತಿಂಗಳಾಯ್ತು. ನಲವತ್ತನೇ ನಂಬರು ಅಂದಿದ್ರು."

"ಪಟ್ಟೀನೇ ಖಾಲಿ ಇದೆ ಅಜ್ಜಾ."

"ಹಾಗಾದ್ರೆ ನನ್ನ ತೆಗೆದುಬಿಟ್ರಾ?" ಅತ್ತಿಗೆ ಅಲ್ಲಿದ್ದಾಳೆಂದುಕೊಂಡು ಅವನು ಪಕ್ಕದ ಕಂಬವನ್ನು ಕೇಳುತ್ತಿದ್ದ.

ಕೌಂಟರಿನ ಹಿಂದೆ ನಿಂತಿದ್ದ ಕಡ್ಡಿ ಎಲ್ಲವನ್ನೂ ಕೇಳಿಸಿಕೊಂಡಳು. ಪಟ್ಟಿ ಎಂದರೆ ಅವಳಿಗೆ ಈವರೆಗೆ ಬರೀ ಸೊನ್ನೆಗಳು.

ಅಷ್ಟರಲ್ಲಿ ಹಿರಿಯ ಡಾಕ್ಟರು ಬಂದರು. "ಯಾರ ಕೆಲಸ ಇದು?"

"ನನ್ನದು ಡಾಕ್ಟ್ರೇ," ಸರ್ವರ್ ಹಾಕಿದವನು ಮುಂದೆ ಬಂದ.

ಡಾಕ್ಟರು ಪರೀಕ್ಷೆಯ ಹಾಳೆ ತಿರುಗಿಸಿದರು. "ಸಹಿ ಈಕೆಯದಿದೆಯಲ್ಲ?"

ಅದೇ ಪ್ರಶ್ನೆ. ಈ ಸಲ ಅವನು ಟೇಬಲ್ ನೋಡಲಿಲ್ಲ.

"ಸಹಿ ಅವರದು, ತಪ್ಪು ನನ್ನದು. ಅವರನ್ನ ಏನೂ ಅನ್ಬೇಡಿ."

ಐದು ವರ್ಷ ಕಾದ ಮಾತು ಕೊನೆಗೂ ಬಂದಿತ್ತು. ನಾಲಿಗೆಗೆ ಸಿಹಿ ಹತ್ತಲಿಲ್ಲ. ಮುದುಕ ಇನ್ನೂ ಕಂಬದ ಕಡೆಗೇ ಮುಖಮಾಡಿದ್ದ.

"ಸುಳ್ಳು," ಎಂದಳು ಅವಳು. "ನಂಗೆ ಶುಕ್ರವಾರದಿಂದ ಗೊತ್ತಿತ್ತು. ಬೇಕಂತಲೇ ಹೇಳಲಿಲ್ಲ."

ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದಳು. ಅವನು ಇವಳನ್ನೇ ನೋಡಿದ.

"ನಿಮ್ಮಿಬ್ಬರ ಪಂಚಾಯಿತಿ ಆಮೇಲೆ," ಎಂದರು ಡಾಕ್ಟರು. "ಮೊದಲು ಪಟ್ಟಿ. ಸಂಜೆಯೊಳಗೆ ಇಬ್ಬರೂ ನಡೆದದ್ದನ್ನ ಬರೆದುಕೊಡಿ."

ನಾಲ್ಕು ಸಾಲು, ಐದು ನಿಮಿಷ. ಅವಳೇ ಓಡಿಬಂದು ಮುದುಕನ ಕೈ ಹಿಡಿದಳು. "ಮೂವತ್ತೊಂಬತ್ತು, ಅಜ್ಜಾ."

"ಓ, ಒಂದು ಮುಂದಕ್ಕೇ ಹೋಗಿದೀನಿ!"

ಮಧ್ಯಾಹ್ನ ಇಬ್ಬರೂ ಒಂದೇ ಟೇಬಲ್ಲಿನಲ್ಲಿ ವಿವರಣೆ ಬರೆಯಲು ಕೂತರು. ಅವನ ಹಾಳೆಯಲ್ಲಿ ಒಂದು ಸಾಲೂ ಮೂಡಿರಲಿಲ್ಲ.

"ಚೆನ್ನಾಗಿ ಸೇಡು ತೀರಿಸಿಕೊಂಡೆ," ಎಂದ.

"ತೀರಲಿಲ್ಲ. ಅಜ್ಜ ಅಡ್ಡ ಬಂದ."

"ಅವತ್ತು ಹೆದರಿಬಿಟ್ಟೆ ಕಡ್ಡಿ. ಮೀಟಿಂಗಿನ ಆ ಹನ್ನೆರಡು ಜನಕ್ಕೆ ದಿನಾ ಮನಸ್ಸಲ್ಲೇ ಹೇಳ್ತೀನಿ, ಅಳಿಸಿದ್ದು ನಾನು ಅಂತ."

"ಅವರಿಗ್ಯಾಕೆ? ನನಗೆ ಹೇಳು."

"ಅಳಿಸಿದ್ದು ನಾನು. ನಿನ್ನ ಹೆಸರು ಹೇಳಿ ತಪ್ಪಿಸಿಕೊಂಡೆ. ಆಮೇಲೆ ನಿನ್ನಷ್ಟು ಯಾರನ್ನೂ ಪ್ರೀತಿಸೋಕಾಗಲಿಲ್ಲ."

ಅವಳು ಪೆನ್ನು ಕೆಳಗಿಟ್ಟಳು. "ಇನ್ನೊಂದ್ಸಲ."

ಹೇಳಿದ.

"ಇನ್ನೊಂದ್ಸಲ."

"ಎಷ್ಟು ಸಲ ಹೇಳಿಸ್ತೀಯ?"

"ನಾನು ಸಾಕು ಅನ್ನೋವರೆಗೆ. ನಾಳೆನೂ ಬಾ."

"ನಾಳೆ ನಂಗಿಲ್ಲಿ ಕೆಲಸ ಇಲ್ಲ."

"ಅದಕ್ಕೇ ಬಾ ಅಂದಿದ್ದು."