ಎರಡು ಎಕ್ಸ್‌ರೇ

"ಕ್ಷಯ," ಎಂದರು ಕೀಲುರೋಗದ ಡಾಕ್ಟರು. "ಮೈಯೆಲ್ಲ ಹಬ್ಬಿಬಿಟ್ಟಿತ್ತು."

ಲಾರಿ ಚಾಲಕನಿಗೆ ತಲೆಬುಡ ತಿಳಿಯಲಿಲ್ಲ. ಬಿಳಿ ಬಟ್ಟೆಯ ಕೆಳಗೆ ಮಲಗಿದ್ದವಳು ಅವನ ಹೆಂಡತಿ. ಬೆರಳಿನ ಗಂಟುಗಳು ಊದಿ, ಸೂಜಿ ಹಿಡಿಯಲಾಗದೆ ಹೊಲಿಗೆ ಅಂಗಡಿ ಮುಚ್ಚಿದ್ದಳು. ಇಂಜೆಕ್ಷನ್ ಶುರುವಾದ ಮೇಲೆ ಮತ್ತೆ ಬಾಗಿಲು ತೆರೆದಿದ್ದಳು. ಆಮೇಲೆ ಜ್ವರ. ಆಮೇಲೆ ಇದು.

"ಕೀಲುನೋವು ಅಂತ ಬಂದವಳು ಕ್ಷಯದಿಂದ ಸತ್ತಳಾ? ಕೊಂದದ್ದು ನೀನು!"

ಅವನು ಡಾಕ್ಟರ ಕೊರಳಪಟ್ಟಿಗೆ ಕೈ ಹಾಕಿದ. ಬಿಡಿಸಲು ಇಬ್ಬರು ಬೇಕಾದರು.

ದೂರು ಹೋಯಿತು. ಶವಪರೀಕ್ಷೆಯೂ ಆಯಿತು. ತನಿಖೆಗೆ ಬಂದವರು ತಲೆ ನರೆತ ಒಬ್ಬ ಮಹಿಳಾ ಅಧಿಕಾರಿ, ಹಿಂದೆ ತಾವೇ ಶವಪರೀಕ್ಷೆ ಮಾಡುತ್ತಿದ್ದ ವೈದ್ಯೆ. ನಾಲ್ವರನ್ನು ಆಸ್ಪತ್ರೆಯ ಎಕ್ಸ್‌ರೇ ಕೋಣೆಗೆ ಕರೆಸಿದರು: ಡಾಕ್ಟರು, ಚಾಲಕ, ಅವನ ಅತ್ತೆ, ಮದುವೆ ಗೊತ್ತಾಗಿದ್ದ ನಾದಿನಿ.

"ಡಾಕ್ಟರೇ, ಆ ಇಂಜೆಕ್ಷನ್ ಏನು ಮಾಡುತ್ತೆ?"

"ರೋಗದ ಜೊತೆ ಹೊಡೆದಾಡೋ ಶಕ್ತಿ ಎಲ್ಲರ ಮೈಯಲ್ಲೂ ಇರುತ್ತೆ. ಈಕೆಯಲ್ಲಿ ಅದು ದಾರಿ ತಪ್ಪಿ ತನ್ನದೇ ಕೀಲುಗಳ ಮೇಲೆ ಬಿದ್ದಿತ್ತು. ಇಂಜೆಕ್ಷನ್ ಅದರ ಕೈ ಕಟ್ಟುತ್ತೆ."

"ಕ್ಷಯಕ್ಕೂ ಅದಕ್ಕೂ ಏನು ಸಂಬಂಧ?"

"ಕ್ಷಯದ ರೋಗಾಣು ವರ್ಷಗಟ್ಟಲೆ ಒಳಗೆ ಸುಮ್ಮನೆ ಬಿದ್ದಿರಬಹುದು. ಅದನ್ನ ಅದುಮಿ ಹಿಡಿದಿರೋದೂ ಅದೇ ಶಕ್ತಿ. ಅದರ ಕೈ ಕಟ್ಟಿದ್ರೆ—"

"ರೋಗ ಎದ್ದು ಕೂರುತ್ತೆ. ನಿಮಗೆ ಮೊದಲೇ ಗೊತ್ತಿತ್ತಲ್ಲ?"

"ಗೊತ್ತಿದ್ದಕ್ಕೇ ಕೇಳಿದೆ, ಹಿಂದೆ ಕ್ಷಯ ಬಂದಿತ್ತಾ ಅಂತ. ಇಲ್ಲ ಅಂದ್ರು. ಕ್ಷಯದ ಪರೀಕ್ಷೆಗೆ ಅಂತ ತೋಳಿಗೆ ಚುಚ್ಚಿ ನೋಡಿದೆ, ಊತ ಬರಲಿಲ್ಲ. ಆಕೆ ಕೀಲುನೋವಿಗೆ ನುಂಗ್ತಿದ್ದ ಮಾತ್ರೆಯಿಂದ ಆ ಪರೀಕ್ಷೆ ಸುಳ್ಳಾಗೋದೂ ಉಂಟು. ಅದಕ್ಕೇ ಎಕ್ಸ್‌ರೇ ತರಿಸಿದೆ. ಏನೂ ಇರಲಿಲ್ಲ."

"ಜ್ವರ ಬಂದಾಗ?"

ಡಾಕ್ಟರ ದನಿ ಇಳಿಯಿತು. "ಎಕ್ಸ್‌ರೇ ಚೆನ್ನಾಗಿತ್ತಲ್ಲ ಅಂತ... ಕ್ಷಯದ ಯೋಚನೆಯೇ ಬರಲಿಲ್ಲ."

"ಅದನ್ನೂ ಬರೀತೀನಿ," ಎಂದರು ಅಧಿಕಾರಿ.

ಚಾಲಕನಿಗೆ ಒಳಗೊಳಗೇ ಸಮಾಧಾನವಾಯಿತು. ಸಿಕ್ಕಿಬಿದ್ದ, ನನ್ನ ಮಗ!

ಅಧಿಕಾರಿ ಗೋಡೆಯ ದೀಪದ ಪೆಟ್ಟಿಗೆಗೆ ಎರಡು ಎಕ್ಸ್‌ರೇ ಸಿಕ್ಕಿಸಿದರು. ಒಂದು ಇಂಜೆಕ್ಷನ್‌ಗೆ ಮುಂಚೆ ಹೊರಗೆ ತೆಗೆಸಿ ತಂದದ್ದು, ಇನ್ನೊಂದು ಸಾಯುವ ಮುನ್ನ ಇಲ್ಲೇ ತೆಗೆದದ್ದು. ಎರಡನೆಯದರ ತುಂಬ ಸಾಸಿವೆ ಚೆಲ್ಲಿದಂತೆ ಚುಕ್ಕೆಗಳು.

"ಎಲ್ಲರೂ ಶ್ವಾಸಕೋಶ ನೋಡಿದ್ರಿ. ಎಲುಬು ಯಾರೂ ನೋಡಲಿಲ್ಲ." ಅವರು ಚಾಲಕನತ್ತ ತಿರುಗಿದರು. "ನಿಮ್ಮಾಕೆಗೆ ಎಂದಾದ್ರೂ ಎಲುಬು ಮುರಿದಿತ್ತಾ?"

"ಕಾಲೇಜಿಗೆ ಹೋಗ್ತಿದ್ದಾಗ ಸೈಕಲ್ಲಿನಿಂದ ಬಿದ್ದಿದ್ದಳಂತೆ. ಇಲ್ಲಿ—" ಅವನು ತನ್ನ ಕೊರಳ ಕೆಳಗೆ ಮುಟ್ಟಿಕೊಂಡ. "ಗಂಟಿನ ಹಾಗೆ ಕೈಗೆ ಸಿಗ್ತಿತ್ತು."

"ಎರಡನೆಯದರಲ್ಲಿ ಆ ಗಂಟು ಇದೆ. ಮೊದಲನೆಯದರಲ್ಲಿ ಎಲುಬು ನೆಟ್ಟಗಿದೆ. ಎಂದೂ ಮುರಿದೇ ಇಲ್ಲ. ಮೊದಲನೆಯದು ನಿಮ್ಮ ಹೆಂಡತಿಯದಲ್ಲ."

ಡಾಕ್ಟರು ಎದ್ದು ನಿಂತರು. ಚಾಲಕ ಎರಡನ್ನೂ ಮಿಕಿಮಿಕಿ ನೋಡಿದ.

"ಮತ್ತೆ ಯಾರದು?"

"ಇದನ್ನ ತೆಗೆಸಿದಾಗ ನೀವೆಲ್ಲಿದ್ರಿ?"

"ಲಾರಿ ಮೇಲೆ ಹೋಗಿದ್ದೆ. ಅತ್ತೆ ನೋಡ್ಕೋತಿದ್ರು."

"ನನ್ನದು," ಎಂದಳು ನಾದಿನಿ. ಮುಖದಲ್ಲಿ ರಕ್ತವಿರಲಿಲ್ಲ. "ಭಾವ, ಅವತ್ತು ಅಕ್ಕನಿಗೆ ಮಂಚದಿಂದ ಏಳೋಕೇ ಆಗ್ತಿರ್ಲಿಲ್ಲ. ಬರೀ ಶಾಸ್ತ್ರಕ್ಕೆ ಕೇಳ್ತಾರೆ, ಅವಳ ಹೆಸರು ಹೇಳಿ ನಿಂತು ಬಾ ಅಂದ್ಲು ಅಮ್ಮ. ಅಕ್ಕನೂ ನಕ್ಕಳು. 'ನನಗಿಂತ ನಿನ್ನ ಫೋಟೋನೇ ಚೆನ್ನಾಗಿ ಬರುತ್ತೆ' ಅಂದ್ಲು."

"ನಿಜವಾದ ಕಾರಣ ಇವಳಿಗೂ ತಿಳಿಯದು, ಅಕ್ಕನಿಗೂ ತಿಳಿಯದು," ಎಂದರು ಅಧಿಕಾರಿ. "ಶವಪರೀಕ್ಷೆಯಲ್ಲಿ ಶ್ವಾಸಕೋಶದ ತುದಿಗೆ ಸುಣ್ಣಗಟ್ಟಿದ ಕಲೆ ಸಿಕ್ಕಿದೆ. ತೀರಾ ಹಳೆಯದು, ಚಿಕ್ಕಂದಿನಲ್ಲಿ ಬಂದ ಕ್ಷಯದ್ದು. ಅದು ಎಕ್ಸ್‌ರೇಯಲ್ಲಿ ಕಾಣಬಾರದು ಅಂತ ಯಾರಿಗಿತ್ತು? ಕಾಯಿಲೆ ಬಿದ್ದ ಮಗುವನ್ನ ಸಾಕಿದವರಿಗೆ. ಅಮ್ಮಾ, ಇಂಜೆಕ್ಷನ್ ಕೊಟ್ಟದ್ದು ಡಾಕ್ಟರು. ಸಾವಿಗೆ ದಾರಿ ಮಾಡಿಕೊಟ್ಟದ್ದು ನೀವು."

ಅತ್ತೆ ಅಳಲಿಲ್ಲ. ಸೆರಗನ್ನು ಹಿಂಡುತ್ತಾ ಕೂತಿದ್ದರು.

"ಅವಳಿನ್ನೂ ಕೂಸು ಆಗ. ಕೆಮ್ಮು ನಿಂತ ಕೂಡಲೇ ಔಷಧಿ ಬಿಡಿಸಿದೆ, ಅಕ್ಕಪಕ್ಕದವರು ಕೇಳೋಕೆ ಶುರು ಮಾಡಿದ್ರು. ಆಮೇಲೆ ಅವಳಿಗೂ ಹೇಳಲಿಲ್ಲ. ಈಗ ಕಲೆ ಕಂಡ್ರೆ ಮನೆಗೇ ಬಂದು ಎಲ್ಲರನ್ನೂ ಪರೀಕ್ಷೆ ಮಾಡ್ತಾರೆ. ಚಿಕ್ಕವಳ ಮದುವೆ ನಿಂತುಹೋಗ್ತಿತ್ತು. ಇಂಜೆಕ್ಷನ್ ಇಂಥದ್ದು ಅಂತ ಯಾರು ಕಂಡ್ರು?"

"ನಾನು ಹೇಳಿದ್ದೆನಲ್ಲಮ್ಮ," ಎಂದರು ಡಾಕ್ಟರು. "ಕಲೆ ಇದ್ರೆ ಮೊದಲು ಕೆಲವು ತಿಂಗಳು ಕ್ಷಯದ ಮಾತ್ರೆ, ಆಮೇಲೆ ಇಂಜೆಕ್ಷನ್ ಅಂತ. ಅಷ್ಟೇ ಆಗ್ತಿತ್ತು."

ಅತ್ತೆ ತಲೆ ತಗ್ಗಿಸಿದರು. "ಹೇಳಿದ್ರಿ."

ಚಾಲಕ ಡಾಕ್ಟರ ಕಡೆ ನೋಡಿದ. ಇಷ್ಟು ದಿನ ಹಲ್ಲು ಮಸೆದದ್ದು ಈ ಮನುಷ್ಯನ ಮೇಲೆ. "ಆ ಕೀಲುರೋಗ? ಅದೂ ಕ್ಷಯದಿಂದಲೇ ಬಂತಾ?"

"ಗೊತ್ತಿಲ್ಲಪ್ಪ. ಆ ರೋಗಾಣು ಜೊತೆ ಹೊಡೆದಾಡ್ತಾ ಮೈ ತನ್ನನ್ನೇ ಶತ್ರು ಅಂದ್ಕೊಳ್ಳಬಹುದು ಅಂತ ಕೆಲವು ಸಂಶೋಧಕರಿಗೆ ಅನುಮಾನ. ಈಕೆಯಲ್ಲಿ ಹಾಗಾಯ್ತು ಅಂತ ಹೇಳೋಕಾಗಲ್ಲ."

ನಾದಿನಿ ಮೊದಲ ಎಕ್ಸ್‌ರೇಯನ್ನು ದೀಪದ ಪೆಟ್ಟಿಗೆಯಿಂದ ಕಿತ್ತು, ಮಡಚಲು ನೋಡಿದಳು. ಅದು ಮಡಚಿಕೊಳ್ಳದೆ ಸೆಟೆದು ನಿಂತಿತು. ಅಧಿಕಾರಿ ಮೆಲ್ಲಗೆ ಅವಳ ಕೈಯಿಂದ ಬಿಡಿಸಿಕೊಂಡರು.

"ನನಗಾದ್ರೂ ಹೇಳಬಾರದಿತ್ತಾ ಅತ್ತೆ?" ಚಾಲಕ ಅತ್ತೆಯ ಮುಂದೆ ಬಂದು ನಿಂತ. "ನಾನೇನು ಅವಳನ್ನ ಬಿಟ್ಟುಬಿಡ್ತಿದ್ದೆನಾ?"

ಅತ್ತೆ ಮೊದಲ ಸಲ ಅವನನ್ನು ನೇರವಾಗಿ ನೋಡಿದರು.

"ಹೆಣ್ಣು ನೋಡೋಕೆ ಬಂದ ದಿನವೇ ಹೇಳಿದ್ರೆ, ಅಳಿಯಂದ್ರೇ, ಮದುವೆ ಆಗ್ತಿದ್ರಾ?"

ಆಗುತ್ತಿದ್ದೆ ಎನ್ನಲು ಅವನು ಬಾಯಿ ತೆರೆದ. ಕೋಣೆಯಲ್ಲಿದ್ದವರೆಲ್ಲ ಕಾದರು. ಮಾತು ಬರಲಿಲ್ಲ.