ತೀರ್ಮಾನಿಸದ ಕಾಲು

ಕಸ್ತೂರವ್ವ ಬಸ್ಸಿನ ಮೆಟ್ಟಿಲ ಮೇಲೆ ಹೊಸ ಯಂತ್ರಗಾಲನ್ನು ಊರಿದಳು. ಮಡಚಿದ್ದ ಮಂಡಿ ಅವಳ ಭಾರ ಬಿದ್ದಂತೆಲ್ಲ ಸದ್ದಿಲ್ಲದೆ ನೆಟ್ಟಗಾಯಿತು. ಕಾಲನ್ನು ರೂಪಿಸಿದ ವಿಜ್ಞಾನಿ ವಾರಿಜಾ ಅವಳ ಹಿಂದೆಯೇ ಹತ್ತಿದರು.

ವಿಜಯಪುರದ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಕಸ್ತೂರವ್ವ ಅಪಘಾತವೊಂದರಲ್ಲಿ ಬಲಗಾಲು ಕಳೆದುಕೊಂಡಿದ್ದಳು. ಮೊದಲು ಹಾಕಿಸಿಕೊಂಡ ಯಂತ್ರಗಾಲು ಅವಳನ್ನು ಹಲವು ಸಲ ಕೆಡವಿತ್ತು. ಅದರ ಪ್ರೋಗ್ರಾಮಿಗೆ ತಿಳಿದಿದ್ದು ಎರಡೇ ಉತ್ತರ: ಈಕೆ ನಿಂತಿದ್ದಾಳೆ, ಇಲ್ಲವೇ ಕೂರುತ್ತಿದ್ದಾಳೆ. ದೇಹದ ಚಲನೆ ಹಾಗೆ ಜಿಗಿಯುವುದಿಲ್ಲ, ಹರಿಯುತ್ತದೆ. ಟಿಕೆಟ್ ಕೊಡಲು ತುಸು ಬಾಗಿದರೂ ಕೂರುತ್ತಿದ್ದಾಳೆಂದು ತಿಳಿದು ಮಂಡಿ ಒಮ್ಮೆಲೇ ಸಡಿಲಾಗುತ್ತಿತ್ತು.

ಅದಕ್ಕಾಗಿ ವಾರಿಜಾ ‘ನಿರಂತರ ತರ್ಕಭಾಷೆ’ ಎಂಬ ಹೊಸ ಪ್ರೋಗ್ರಾಮಿಂಗ್ ಭಾಷೆಯನ್ನು ಕಟ್ಟಿದರು. ಕಾಲಿನ ಬಾಗು ಎಳ್ಳಷ್ಟು ಬದಲಾದರೆ ತನ್ನ ಉತ್ತರವೂ ಎಳ್ಳಷ್ಟೇ ಬದಲಾಗುತ್ತದೆಂದು ಅದರಲ್ಲಿ ಬರೆದ ಪ್ರತಿ ಪ್ರೋಗ್ರಾಮೂ ಓಡುವ ಮೊದಲೇ ಸಾಧಿಸಿ ತೋರಿಸಬೇಕು. ಎಲ್ಲಾದರೂ ಜಿಗಿತವಿದ್ದರೆ ಭಾಷೆಯೇ ಅದನ್ನು ತಿರಸ್ಕರಿಸುತ್ತದೆ.

“ಇದರಾಗ ಒಂದು ಕೊರತೆ ಅದ,” ಎಂದರು ವಾರಿಜಾ ಸಂಕೋಚದಿಂದ. “ಉತ್ತರ ಎಲ್ಲೂ ಜಿಗಿಯದನ ‘ಹೌದು’ ಇಲ್ಲಾ ‘ಅಲ್ಲ’ ಅಂತ ಖಚಿತ ಹೇಳೂದು ಗಣಿತದೊಳಗ ಸಾಧ್ಯ ಇಲ್ಲ. ಹಿಂಗಾಗಿ ಈ ಕಾಲು ತಾನಾಗೇ ಏನೂ ತೀರ್ಮಾನ ಮಾಡೂದಿಲ್ಲ. ನೀವು ಎಷ್ಟು ಒತ್ತತೀರೋ ಅಷ್ಟs ಬಗ್ಗತದ.”

“ಹಂಗಾರ ತೀರ್ಮಾನ ಮಾಡೋರು ಯಾರ್ರೀ?”

“ನೀವೇ.”

ಕಸ್ತೂರವ್ವ ಯಂತ್ರಗಾಲಿನ ಮಂಡಿಯನ್ನು ತಟ್ಟಿದಳು. “ಮೇಡಮ್, ಹಳೇ ಕಾಲು ನನಗಿಂತ ಮೊದಲs ಎಲ್ಲಾ ತೀರ್ಮಾನ ಮಾಡತಿತ್ತು. ಅದಕ್ಕs ಬೀಳತಿದ್ದೆ. ಇದನ್ನ ಕೊರತಿ ಅಂತೀರೇನು?”

ವಾರಿಜಾ ಆ ಮಂಡಿಯನ್ನೇ ನೋಡಿದರು. ಈ ಮಿತಿಯನ್ನು ದಾಟಲೆಂದೇ ಅವರು ವರ್ಷಗಟ್ಟಲೆ ಹೆಣಗಿದ್ದರು.

ಗಾಂಧಿ ಚೌಕದ ಬಳಿ ಎಮ್ಮೆಯೊಂದು ಅಡ್ಡ ಬಂತು. ಚಾಲಕ ಬ್ರೇಕ್ ಒತ್ತಿದ. ಟಿಕೆಟ್ ಕೊಡಲು ಬಾಗಿದ್ದ ಕಸ್ತೂರವ್ವ ಮುಂದಕ್ಕೆ ವಾಲಿದಳು. ಮಂಡಿ ಅವಳೊಂದಿಗೇ ತುಸು ತಗ್ಗಿತು. ಅವಳು ತೊಡೆಯನ್ನು ಬಿಗಿದಂತೆ ಅದೂ ಬಿಗಿಯಿತು. ಅವಳು ಬೀಳಲಿಲ್ಲ. ಎರಡೂ ಕಾಲು ಗಟ್ಟಿಯಿದ್ದ ವಾರಿಜಾ ಮಾತ್ರ ಮುಗ್ಗರಿಸಿದರು. ಕಸ್ತೂರವ್ವ ಅವರ ರಟ್ಟೆ ಹಿಡಿದು ನಿಲ್ಲಿಸಿದಳು.

“ಕಂಬ ಹಿಡ್ಕೋರಿ ಮೇಡಮ್.”

ಅಪಘಾತದ ನಂತರ ಅವಳು ಇನ್ನೊಬ್ಬರನ್ನು ಹಿಡಿದು ನಿಲ್ಲಿಸಿದ್ದು ಇದೇ ಮೊದಲು. ವಾರಿಜಾ ಕಂಬ ಹಿಡಿದು ನಗತೊಡಗಿದರು, ಕಣ್ಣು ಒದ್ದೆಯಾಗುವವರೆಗೂ. ಎಮ್ಮೆ ಆಚೆ ಸರಿಯಿತು. ಕಸ್ತೂರವ್ವ ದೀರ್ಘವಾಗಿ ಉಸಿರು ಬಿಟ್ಟು, ಕೊರಳಲ್ಲಿದ್ದ ಸೀಟಿ ಊದಿ, “ರೈಟ್” ಎಂದಳು.